ಮಿಯೋಸಿಸ್‌ನಲ್ಲಿ ಕೋಶ ಎರಡು ಸಲ ಯಾಕೆ ಒಡೆಯಬೇಕು? ಮಗಳ ಪ್ರಶ್ನೆಗೆ ಉತ್ತರ ಬೇಕು

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಪ್ರಥಮ ಪಿಯು ಸೈನ್ಸ್. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಎಲ್ಲವೂ ಇಂಗ್ಲಿಷಿನಲ್ಲಿ. ಕೋಶ ವಿಭಜನೆ ಪಾಠ ನಡೆಯುತ್ತಿದೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಅಂತ ಗಿಣಿಪಾಠದ ಹಾಗೆ ಒಪ್ಪಿಸುತ್ತಾಳೆ. ಚಿತ್ರವನ್ನೂ ಅಚ್ಚುಕಟ್ಟಾಗಿ ಬಿಡಿಸುತ್ತಾಳೆ.

ನಿನ್ನೆ ರಾತ್ರಿ ನಾನು ಚಪಾತಿ ಲಟ್ಟಿಸುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತು ಕೇಳಿದಳು. "ಅಮ್ಮ, ಅಂಡಾಣು ವೀರ್ಯಾಣು ತಯಾರಾಗುವ ಮಿಯೋಸಿಸ್‌ನಲ್ಲಿ ಮೊದಲನೇ ಸಲ ಒಡೆದಾಗಲೇ 46 ವರ್ಣತಂತು (ಕ್ರೋಮೋಸೋಮ್) ಇದ್ದದ್ದು 23 ಆಗುತ್ತೆ. ನಮಗೆ ಬೇಕಾಗಿದ್ದೂ 23. ಮತ್ತೆ ಎರಡನೇ ಸಲ ಯಾಕೆ ಒಡೆಯಬೇಕು? ಒಡೆದ ಮೇಲೂ 23 ಅಂತೆ. ಹನ್ನೊಂದೂವರೆ ಆಗಬೇಕಲ್ವಾ?"

ನಾನು ಓದಿದ್ದು ಬಿಕಾಂ. ಉತ್ತರ ಗೊತ್ತಾಗಲಿಲ್ಲ. ಅವಳ ತರಗತಿಯಲ್ಲಿ ತೊಂಬತ್ತು ಮಕ್ಕಳಿದ್ದಾರೆ, ಎದ್ದು ಕೇಳೋಕೆ ಅವಳಿಗೆ ಸಂಕೋಚ. ಗೊತ್ತಿದ್ದವರು ಕನ್ನಡದಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀರಾ?

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ತಾಯಿ, ಮೊದಲು ಮಗಳಿಗೆ ಶಹಬ್ಬಾಸ್ ಹೇಳಿ. ಈ ಪಾಠದ ಗಂಟು ಇರುವುದೇ ಅಲ್ಲಿ. ಹಂತಗಳ ಹೆಸರು ಬಾಯಿಗೆ ಬಂದ ಎಷ್ಟೋ ಮಕ್ಕಳಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನಾನು ಪಾಠ ಮಾಡುವಾಗ ಹಂತಗಳ ಹೆಸರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಮೊದಲು ಯಾವುದು ಯಾವುದರ ಜೊತೆ ಸೇರಿಕೊಂಡಿದೆ, ಯಾವುದು ಯಾವುದರಿಂದ ಬಿಟ್ಟು ಹೋಗುತ್ತದೆ ಅಂತ ನೋಡಲು ಹೇಳುತ್ತಿದ್ದೆ.

ಹೀಗೆ ಹೇಳಿ ನೋಡಿ. ಒಂದು ಮನೆಯಲ್ಲಿ 23 ಪಾಠಗಳ ನೋಟ್ಸ್ ಇದೆ. ಪ್ರತಿ ಪಾಠಕ್ಕೂ ಎರಡು ನೋಟ್ಸ್. ಒಂದು ಅಪ್ಪನ ಕೈಬರಹ, ಇನ್ನೊಂದು ಅಮ್ಮನ ಕೈಬರಹ. ಪಾಠ ಒಂದೇ, ಅಲ್ಲಲ್ಲಿ ಪದಗಳು ಬೇರೆ. ಒಟ್ಟು 46 ನೋಟ್ಸ್. ಇವೇ ನಮ್ಮ 46 ವರ್ಣತಂತುಗಳು, ಅಂದರೆ ಅಪ್ಪ ಅಮ್ಮನಿಂದ ಬಂದ ಗುಣಗಳನ್ನು ಹೊತ್ತ ಡಿಎನ್‌ಎ ಎಳೆಗಳು.

ಕೋಶ ಒಡೆಯುವ ಮುಂಚೆ ಪ್ರತಿ ನೋಟ್ಸನ್ನೂ ಜೆರಾಕ್ಸ್ ಮಾಡುತ್ತದೆ. ಮೂಲ ಮತ್ತು ಜೆರಾಕ್ಸ್ ಎರಡನ್ನೂ ಸೇರಿಸಿ ಒಂದು ಪಿನ್ ಹೊಡೆಯುತ್ತದೆ. ಈಗ ಕಾಗದ ದುಪ್ಪಟ್ಟಾಯಿತು. ಆದರೆ ಕಟ್ಟುಗಳು ಎಷ್ಟು? 46 ಮಾತ್ರ. ಪಿನ್ ಹೊಡೆದ ಕಟ್ಟನ್ನು ಒಂದು ಅಂತ ಎಣಿಸುತ್ತೇವೆ. ಪಿನ್ ತೆಗೆದ ಬಿಡಿ ಪ್ರತಿಯನ್ನೂ ಒಂದು ಅಂತಲೇ ಎಣಿಸುತ್ತೇವೆ. ಮಕ್ಕಳು ಎಡವುವುದು ಇಲ್ಲೇ.

ಮೈಟೋಸಿಸ್, ಅಂದರೆ ಮೈ ಬೆಳೆಯುವಾಗ ಆಗುವ ಮಾಮೂಲಿ ವಿಭಜನೆ, ಸುಲಭ. 46 ಕಟ್ಟುಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಪಿನ್ ಕಳಚುತ್ತದೆ. ಒಂದು ಪ್ರತಿ ಈ ಕಡೆ, ಇನ್ನೊಂದು ಆ ಕಡೆ. ಎರಡೂ ಮರಿಕೋಶಕ್ಕೆ 46 ನೋಟ್ಸ್, ಅಪ್ಪಂದೂ ಇದೆ, ಅಮ್ಮಂದೂ ಇದೆ. ಅಡುಗೆ ಮನೆಯಲ್ಲಿ ಕೈ ಕೊಯ್ದುಕೊಂಡರೆ ಚರ್ಮ ಮತ್ತೆ ಕೂಡುವುದು ಹೀಗೆ.

ಮಿಯೋಸಿಸ್‌ನಲ್ಲಿ ಮೊದಲ ಸಲ ಪಿನ್ ಕಳಚುವುದೇ ಇಲ್ಲ. ಅಪ್ಪನ 1ನೇ ಪಾಠದ ಕಟ್ಟು ಅಮ್ಮನ 1ನೇ ಪಾಠದ ಕಟ್ಟನ್ನು ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಮಲಗುತ್ತದೆ. ಹೀಗೆ 23 ಜೋಡಿ. ಆಮೇಲೆ ಆ ಜೋಡಿ ಬಿಡುತ್ತದೆ. ಒಂದು ಕಟ್ಟು ಆ ಕಡೆ, ಒಂದು ಕಟ್ಟು ಈ ಕಡೆ. ಈಗ ಪ್ರತಿ ಕೋಶದಲ್ಲಿ 23 ಕಟ್ಟು. ಆದರೆ ಒಂದೊಂದು ಕಟ್ಟಿನಲ್ಲೂ ಇನ್ನೂ ಎರಡೆರಡು ಪ್ರತಿ ಇವೆ ಅಲ್ವಾ? ಪಿನ್ ಹಾಗೇ ಇದೆಯಲ್ಲ! ಅದನ್ನು ಬಿಡಿಸಲಿಕ್ಕೆ ಎರಡನೇ ವಿಭಜನೆ. ಮಧ್ಯದಲ್ಲಿ ಮತ್ತೆ ಜೆರಾಕ್ಸ್ ಆಗುವುದಿಲ್ಲ. ಪಿನ್ ಕಳಚಿದರೆ 23 ಕಟ್ಟು ಹೋಗಿ 23 ಬಿಡಿ ಪ್ರತಿ. ಹನ್ನೊಂದೂವರೆ ಯಾಕೆ ಆಗಲಿಲ್ಲ ಅನ್ನುವುದಕ್ಕೆ ಇದೇ ಉತ್ತರ.

ಕಾಗದವನ್ನು ತೂಕ ಹಾಕಿದರೆ ಇನ್ನೂ ಸ್ಪಷ್ಟ. ಕೊನೆಗೆ ಬರುವ ಅಂಡಾಣು ಅಥವಾ ವೀರ್ಯಾಣುವಿನ ಡಿಎನ್‌ಎ 1 ಪಾಲು ಅಂದುಕೊಳ್ಳಿ. ಶುರುವಿನ ಕೋಶದಲ್ಲಿ 2 ಪಾಲು. ಜೆರಾಕ್ಸ್ ಆದ ಮೇಲೆ 4. ಮೊದಲ ವಿಭಜನೆ ಆದ ಮೇಲೆ 2. ಎರಡನೆಯದಾದ ಮೇಲೆ 1. ಎಣಿಕೆ ಒಂದು ಸಲ ಅರ್ಧವಾಗುತ್ತದೆ, ತೂಕ ಎರಡು ಸಲ.

ಮನೆಯಲ್ಲಿ ಎರಡು ಬಣ್ಣದ ಉಲ್ಲನ್ ದಾರ ಇದ್ದರೆ ಕೆಂಪಿನ ಎರಡು ಜೊತೆ, ನೀಲಿಯ ಎರಡು ಜೊತೆ ಕತ್ತರಿಸಿ. ಕೆಂಪು ಅಪ್ಪಂದು, ನೀಲಿ ಅಮ್ಮಂದು; ಪ್ರತಿ ಬಣ್ಣದಲ್ಲೂ ಒಂದು ಜೊತೆ ಉದ್ದ, ಒಂದು ಜೊತೆ ಗಿಡ್ಡ ಇರಲಿ. ಪ್ರತಿ ಜೊತೆಗೂ ಒಂದು ಸೇಫ್ಟಿ ಪಿನ್ ಹಾಕಿ. ಅವಳ ಕೈಯಲ್ಲೇ ಚಾಪೆ ಮೇಲೆ ಜೋಡಿಸಿಸಿ, ಬಿಡಿಸಿಸಿ. ನೀವು ಸುಮ್ನೆ ನೋಡುತ್ತಾ ಕೂತಿರಿ.

ನೀಟ್ ತಯಾರಿಯಲ್ಲಿರುವವ

ಸರ್, ಈ ಪಿನ್ ಲೆಕ್ಕ ನನಗೆ ಇವತ್ತೇ ಗೊತ್ತಾಗಿದ್ದು. ಆದರೆ ಒಂದು ಅನುಮಾನ. ಜೆರಾಕ್ಸ್ ಮಾಡದೆಯೇ ಅಪ್ಪಂದು ಒಂದು ಕಡೆ, ಅಮ್ಮಂದು ಒಂದು ಕಡೆ ಕಳಿಸಿಬಿಟ್ಟರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತಿತ್ತಲ್ಲ? ಮೊದಲು ದುಪ್ಪಟ್ಟು ಮಾಡಿ ಆಮೇಲೆ ಎರಡು ಸಲ ಒಡೆಯುವ ಕಷ್ಟ ಯಾಕೆ?

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ. ಜೋಡಿಯಾಗಿ ಮಲಗಿದಾಗ ಅಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಅಪ್ಪನ 7ನೇ ಪಾಠದ ಪುಟ 12 ಹರಿದು ಅಮ್ಮನ 7ನೇ ಪಾಠದ ಪುಟ 12ರ ಜಾಗಕ್ಕೆ ಹೋಗುತ್ತದೆ. ಅಮ್ಮನ ಪುಟ ಅಪ್ಪನ ಕಟ್ಟಿಗೆ ಬರುತ್ತದೆ. ಇದೇ ಕ್ರಾಸಿಂಗ್ ಓವರ್. ಹೀಗೆ ಪುಟ ಬದಲಾದ ಜಾಗದಲ್ಲಿ ಎರಡು ಕಟ್ಟುಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಕತ್ತರಿ ಆಕಾರದ ಗುರುತಾಗಿ ಕಾಣುತ್ತದೆ. ಪುಸ್ತಕದಲ್ಲಿ ಅದನ್ನು ಕಯಾಸ್ಮ ಅನ್ನುತ್ತಾರೆ.

ಈ ತೊಡರು ಬಿಚ್ಚಿಹೋಗದೆ ನಿಲ್ಲುವುದು ಮೂಲ ಮತ್ತು ಜೆರಾಕ್ಸ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ. ಕೊಹೆಸಿನ್ ಅನ್ನುವ ಪ್ರೋಟೀನು ಉಂಗುರದ ಹಾಗೆ ಎರಡನ್ನೂ ಹಿಡಿದಿರುತ್ತದೆ. ಜೆರಾಕ್ಸೇ ಇಲ್ಲದಿದ್ದರೆ ಹಿಡಿದುಕೊಳ್ಳಲು ಏನೂ ಇಲ್ಲ, ತೊಡರು ನಿಲ್ಲುವುದಿಲ್ಲ. ತೊಡರು ಇದ್ದರೆ ಮಾತ್ರ ಕದಿರಿನ ಎಳೆಗಳು (ಸ್ಪಿಂಡಲ್, ವರ್ಣತಂತುಗಳನ್ನು ಎಳೆಯುವ ದಾರಗಳು) ಎರಡು ಕಡೆಯಿಂದ ಬಿಗಿಯಾಗಿ ಎಳೆಯಬಹುದು. ಆಗ ಜೋಡಿ ನಟ್ಟನಡುವೆ ನೆಟ್ಟಗೆ ನಿಲ್ಲುತ್ತದೆ. ಹಗ್ಗಜಗ್ಗಾಟದಲ್ಲಿ ಹಗ್ಗ ಬಿಗಿಯಾಗಿದ್ದರೆ ತಾನೇ ನಡುವಿನ ಗಂಟು ಗೆರೆಯ ಮೇಲೆ ನಿಲ್ಲುವುದು?

ಅಂದರೆ ಪುಟ ಬದಲಾವಣೆಯಿಂದ ಎರಡು ಲಾಭ. ಮಕ್ಕಳಲ್ಲಿ ಹೊಸ ಮಿಶ್ರಣ ಬರುತ್ತದೆ, ಜೊತೆಗೆ ವರ್ಣತಂತುಗಳು ದಾರಿ ತಪ್ಪದೆ ಹಂಚಿಕೆಯಾಗುತ್ತವೆ. ಎರಡನೆಯದನ್ನು ಪರೀಕ್ಷೆಯಲ್ಲಿ ಅಷ್ಟಾಗಿ ಕೇಳುವುದಿಲ್ಲ. ನನಗೆ ಮಾತ್ರ ಅದು ತುಂಬಾ ಇಷ್ಟ.

ಮಿಶ್ರಣದ ಲೆಕ್ಕ ಬೇಕಿದ್ದರೆ ಇಲ್ಲಿದೆ. ಪುಟ ಬದಲಾವಣೆ ಬಿಟ್ಟು, 23 ಜೋಡಿಯಲ್ಲಿ ಯಾವ ಕಟ್ಟು ಯಾವ ಕಡೆ ಹೋಯಿತು ಅನ್ನುವುದನ್ನಷ್ಟೇ ಎಣಿಸಿದರೂ 2ನ್ನು 23 ಸಲ ಗುಣಿಸಬೇಕು. 83,88,608 ಬಗೆ. ಒಬ್ಬರೇ ಅಪ್ಪ ಅಮ್ಮನಿಗೆ ಹುಟ್ಟಿದ ಅಕ್ಕ ತಂಗಿ ಒಂದೇ ಥರ ಇರುವುದಿಲ್ಲ ಅಲ್ವಾ, ಅದಕ್ಕೆ.

ಬಾಳೆತೋಟ, ನಂಜನಗೂಡು ತಾಲ್ಲೂಕು

ಮೇಷ್ಟ್ರೇ, ನಾನು ರೈತ. ಇಲ್ಲಿ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತೇನೆ. ನಮ್ಮದು ರಸಬಾಳೆ ತೋಟ ಇತ್ತು. ಅಪ್ಪನ ಕಾಲದಿಂದ ಕಂದು (ಬುಡದಲ್ಲಿ ಬರುವ ಮರಿಗಿಡ) ಕಿತ್ತು ನೆಡುವುದೇ ಪದ್ಧತಿ. ಬೀಜ ಅಂತ ಕಂಡಿದ್ದೇ ಇಲ್ಲ. ಯಾಕೆ ಇಲ್ಲ?

ಇನ್ನೊಂದು ಮಾತು. ನಮ್ಮ ತೋಟಕ್ಕೆ ಸೊರಗು ರೋಗ ಬಂತು. ಮೊದಲು ಕೆಳಗಿನ ಎಲೆ ಹಳದಿಯಾಗಿ ದಿಂಡಿನ ಸುತ್ತ ಜೋತು ಬಿತ್ತು. ಒಂದು ಗಿಡದ ಗಡ್ಡೆ ಕೊಯ್ದು ನೋಡಿದೆ. ಒಳಗೆ ಕೆಂಪುಗಂದು ಬಣ್ಣ ತಿರುಗಿತ್ತು. ಒಂದು ಗಿಡಕ್ಕಾದರೂ ತಡೆಯುವ ಶಕ್ತಿ ಇರಬಹುದು, ಅದರ ಕಂದು ಇಟ್ಟುಕೊಳ್ಳೋಣ ಅಂತ ಕಾದೆ. ಒಂದೂ ಉಳಿಯಲಿಲ್ಲ. ಅದೇ ತೋಟದ ಬದುವಿನಲ್ಲಿದ್ದ ಬೇರೆ ಜಾತಿ ಬಾಳೆಗೆ ಏನೂ ಆಗಲಿಲ್ಲ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಯಜಮಾನರೇ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಕೋಶ ವಿಭಜನೆ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಬಾಳೆಯಲ್ಲಿ ಪಾಠಗಳು 11. ಕಾಡುಬಾಳೆಯಲ್ಲಿ ಪ್ರತಿ ಪಾಠಕ್ಕೆ ಎರಡು ನೋಟ್ಸ್, ಒಟ್ಟು 22. ಅದರ ಹಣ್ಣು ಬಿಡಿಸಿದರೆ ಕರಿಬೀಜ ತುಂಬಿರುತ್ತದೆ, ತಿನ್ನುವ ತಿರುಳು ಕಡಿಮೆ. ರಸಬಾಳೆಯಲ್ಲಿ ಪ್ರತಿ ಪಾಠಕ್ಕೆ ಮೂರು ನೋಟ್ಸ್, ಒಟ್ಟು 33. ಎರಡು ಒಂದು ಕಾಡುಜಾತಿಯಿಂದ ಬಂದದ್ದು, ಮೂರನೆಯದು ಇನ್ನೊಂದು ಕಾಡುಜಾತಿಯಿಂದ. ಮಿಯೋಸಿಸ್‌ನಲ್ಲಿ ಜೋಡಿ ಕಟ್ಟುವ ಹೊತ್ತಿಗೆ ಮೂರನೆಯದಕ್ಕೆ ಜೊತೆಯೇ ಇಲ್ಲ. ಯಾವ ಕಡೆಯಾದರೂ ಹೋಗಬಹುದು. ಕೆಲವು ಪರಾಗ ಕಣಕ್ಕೆ ಒಂದು ಪಾಠ ಹೆಚ್ಚು, ಕೆಲವಕ್ಕೆ ಕಡಿಮೆ. 11 ಪಾಠದಲ್ಲೂ ಹೀಗೇ ಆದರೆ ಲೆಕ್ಕ ಸರಿ ಬರುವುದು ತೀರಾ ಅಪರೂಪ. ಹಾಗಾಗಿ ಬೀಜ ಕಟ್ಟುವುದಿಲ್ಲ.

ಬೀಜವಿಲ್ಲದೆ ಹಣ್ಣು ಹೇಗೆ ಬಲಿಯುತ್ತದೆ ಅನ್ನುವುದು ಬೇರೆ ವಿಷಯ. ನಾವು ಬೆಳೆಯುವ ಬಾಳೆಗೆ ಪರಾಗಸ್ಪರ್ಶ ಇಲ್ಲದೆಯೂ ಕಾಯಿ ಬಲಿಯುವ ಗುಣ ಇದೆ. ಏಲಕ್ಕಿ ಬಾಳೆಯಲ್ಲಿ 22 ಇದ್ದರೂ ಒಂದು ಕಂತೆ ಒಂದು ಜಾತಿಯದು, ಇನ್ನೊಂದು ಕಂತೆ ಬೇರೆ ಜಾತಿಯದು. ಕೈಬರಹವೇ ಓದಲು ಬಾರದಷ್ಟು ಬೇರೆಯಾದರೆ ಜೋಡಿ ಸರಿಯಾಗಿ ಕೂಡುವುದಿಲ್ಲ. ಹೇಸರಗತ್ತೆಗೆ ಮರಿಯಾಗದಿರುವುದಕ್ಕೂ ಇಂಥದೇ ಕಾರಣ. ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63.

ಇನ್ನು ನಿಮ್ಮ ತೋಟದ ವಿಷಯ. ಕಂದು ಬರುವುದು ಬರೀ ಮೈಟೋಸಿಸ್‌ನಿಂದ. ತಾಯಿಗಡ್ಡೆಯ ನೋಟ್ಸೇ ಕಂದಿನಲ್ಲೂ ಇರುತ್ತದೆ. ನಿಮ್ಮ ಅಪ್ಪ ನೆಟ್ಟ ಗಿಡ, ನೀವು ನೆಟ್ಟ ಗಿಡ, ಪಕ್ಕದೂರಿನ ಗಿಡ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಿಡದ ಮುಂದುವರಿಕೆ. ರುಚಿ ತಲೆಮಾರುಗಳ ಕಾಲ ಕೆಡದೆ ಬಂದದ್ದು ಅದರಿಂದಲೇ. ಮಣ್ಣಿನ ಫ್ಯುಸೇರಿಯಂ ಶಿಲೀಂಧ್ರಕ್ಕೆ ಒಂದು ಗಿಡ ಸೋತರೆ ಪಕ್ಕದ್ದೂ ಸೋಲುವುದು ಕೂಡ ಅದರಿಂದಲೇ. ತಡೆಯುವ ಗಿಡ ಸಿಗಬೇಕಾದರೆ ಎಲ್ಲೋ ಪುಟ ಬದಲಾಗಬೇಕು. ರಸಬಾಳೆಯಲ್ಲಿ ಆ ದಾರಿ ಮುಚ್ಚಿದೆ. ನೀವು ಒಂದಾದರೂ ಉಳಿದೀತು ಅಂತ ಕಾದದ್ದು ಓದಿ ಬೇಸರವಾಯಿತು.

ಮಂಡ್ಯದ ಕೃಷಿ ಪದವೀಧರೆ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಟಿಶ್ಯೂ ಕಲ್ಚರ್ ಸಸಿ (ಗಿಡದ ತುಣುಕಿನಿಂದ ಲ್ಯಾಬಿನಲ್ಲಿ ಬೆಳೆಸಿದ್ದು) ತಂದರೆ ರೋಗ ಬರುವುದಿಲ್ಲ ಅಂತ ತುಂಬಾ ರೈತರು ನಂಬಿದ್ದಾರೆ. ಅದೂ ಮೈಟೋಸಿಸ್ಸೇ. ಸಸಿ ಮನೆಗೆ ಬರುವಾಗ ಈ ಸೊರಗು ರೋಗ ಹೊತ್ತು ತರುವುದಿಲ್ಲ, ಅಷ್ಟು ಲಾಭ ಖಂಡಿತ ಇದೆ. ಆದರೆ ಮಣ್ಣಿನಲ್ಲಿ ಶಿಲೀಂಧ್ರ ಇದ್ದರೆ ಆ ಸಸಿಯೂ ಸೊರಗುತ್ತದೆ.

ಪುಟ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಗಿಯನ್ನೇ ನೋಡಿ. ರಾಗಿ ಹೂ ತುಂಬಾ ಚಿಕ್ಕದು, ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುತ್ತದೆ. ಅದನ್ನು ಕೈಯಿಂದ ಸಂಕರ ಮಾಡುವುದು ತಾಳ್ಮೆಯ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ (ಕೃಷಿ ಸಂಶೋಧನಾ ಕೇಂದ್ರ) ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ಸಂಕರ ಗಿಡದ ಮಿಯೋಸಿಸ್‌ನಲ್ಲಿ ಎರಡೂ ಕಡೆಯ ಪುಟಗಳು ಕಲೆತು, ಮುಂದಿನ ತಲೆಮಾರಿನ ಸಾವಿರಾರು ಗಿಡಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಲು ಸಾಧ್ಯವಾಯಿತು.

ಲ್ಯಾಬಿನವಳು, ಬೆಂಗಳೂರು

ನಾನು ಕ್ಯಾರಿಯೋಟೈಪ್ ಮಾಡುವ ಲ್ಯಾಬಿನಲ್ಲಿದ್ದೇನೆ. ದಿನಾ ವರ್ಣತಂತು ಎಣಿಸುವುದೇ ನನ್ನ ಕೆಲಸ. ತಿಪಟೂರಿನ ಹುಡುಗಿಗೆ ಇಷ್ಟವಾಗಬಹುದು ಅಂತ ಬರೆಯುತ್ತಿದ್ದೇನೆ.

ರಕ್ತದ ಬಿಳಿಕಣಗಳನ್ನು 37 ಡಿಗ್ರಿಯಲ್ಲಿ ಮೂರು ದಿನ ಬೆಳೆಸುತ್ತೇವೆ. ಆಮೇಲೆ ಕಾಲ್ಚಿಸಿನ್ ಥರದ ಮದ್ದು ಹಾಕುತ್ತೇವೆ. ಅದು ಕದಿರಿನ ಎಳೆ ಕಟ್ಟಲು ಬಿಡುವುದಿಲ್ಲ. ಹಾಗಾಗಿ ಕೋಶಗಳು ಪ್ರತಿಗಳು ಬೇರ್ಪಡುವ ಮುಂಚಿನ ಹಂತವಾದ ಮೆಟಾಫೇಸ್‌ನಲ್ಲೇ ನಿಂತುಬಿಡುತ್ತವೆ. ಬೇಲಿಯಲ್ಲಿ ಹಬ್ಬುವ ಗೌರಿ ಹೂವಿನ ಗಡ್ಡೆಯಲ್ಲಿ ಇದೇ ಕಾಲ್ಚಿಸಿನ್ ಇದೆ, ಆ ಗಡ್ಡೆ ಅದಕ್ಕೇ ಅಷ್ಟು ವಿಷ. ಆಮೇಲೆ ತೆಳು ಉಪ್ಪಿನ ದ್ರಾವಣ ಹಾಕಿ ಕೋಶ ಉಬ್ಬಿಸುತ್ತೇವೆ. ಕೊನೆಗೆ ಸ್ಲೈಡಿನ ಮೇಲೆ ಒಂದು ತೊಟ್ಟು ಬೀಳಿಸಿದರೆ ವರ್ಣತಂತುಗಳು ಹರಡಿಕೊಳ್ಳುತ್ತವೆ.

ಈ ಉಬ್ಬಿಸುವ ಉಪಾಯ ಬರುವ ಮುಂಚೆ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅದಕ್ಕೇ ಮನುಷ್ಯನಿಗೆ 48 ವರ್ಣತಂತು ಅಂತ ಮೂರು ದಶಕ ಪುಸ್ತಕಗಳಲ್ಲಿ ಬರೆದಿದ್ದರು. ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಟಿಯೋ ಮತ್ತು ಲೆವಾನ್ 1956ರಲ್ಲಿ ಅದು 46 ಅಂತ ತೋರಿಸಿದರು. ಮೂರೇ ವರ್ಷದಲ್ಲಿ, 1959ರಲ್ಲಿ, ಫ್ರಾನ್ಸಿನಿಂದ ಇನ್ನೊಂದು ಸುದ್ದಿ ಬಂತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ಇವೆ, 21ನೆಯದು ಮೂರು.

ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಪೋರ್ಟ್ ತೆಗೆದುಕೊಳ್ಳಲು ಬರುವ ತಾಯಂದಿರು "ನಾನೇನು ತಿಂದೆ, ಏನು ತಪ್ಪು ಮಾಡಿದೆ" ಅಂತ ಕೇಳುತ್ತಾರೆ. ಕೆಲವೊಮ್ಮೆ ಅತ್ತೆ ಮನೆಯವರು ಪಕ್ಕದಲ್ಲೇ ನಿಂತು ಹಾಗೇ ಅನ್ನುತ್ತಾರೆ. ದಯವಿಟ್ಟು ಯಾರೂ ಹಾಗೆ ಹೇಳಬೇಡಿ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಗಳು ಮಿಯೋಸಿಸ್ ಶುರು ಮಾಡುತ್ತವೆ. ಜೋಡಿ ಕಟ್ಟಿ, ಪುಟ ಬದಲಾಯಿಸಿ, ಅಲ್ಲೇ ನಿಂತುಬಿಡುತ್ತವೆ. ಆ ಮಗು ದೊಡ್ಡವಳಾದ ಮೇಲೆ ತಿಂಗಳಿಗೆ ಒಂದರಂತೆ ಎದ್ದು ಮೊದಲ ವಿಭಜನೆ ಮುಗಿಸುತ್ತವೆ. ಎರಡನೇ ವಿಭಜನೆ ಮುಗಿಯುವುದು ವೀರ್ಯಾಣು ಒಳಗೆ ಬಂದ ಮೇಲೆಯೇ. 35 ವರ್ಷದಲ್ಲಿ ಬಿಡುಗಡೆಯಾಗುವ ಅಂಡ 35 ವರ್ಷಕ್ಕೂ ಹೆಚ್ಚು ಕಾಲ ಆ ತೊಡರನ್ನು ಹಿಡಿದು ಕಾದಿರುತ್ತದೆ. ಮೇಷ್ಟ್ರು ಹೇಳಿದ ಕೊಹೆಸಿನ್ ಅಂಟು ಅಷ್ಟು ವರ್ಷದಲ್ಲಿ ಸಡಿಲವಾಗುತ್ತದೆ. ಒಂದು ಜೋಡಿ ಬಿಡದೆ ಒಂದೇ ಕಡೆ ಹೋದರೆ 47 ಆಗುತ್ತದೆ. ವಯಸ್ಸು ಹೆಚ್ಚಾದ ಹಾಗೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಚಿಕ್ಕ ವಯಸ್ಸಿನ ತಾಯಂದಿರಲ್ಲೂ ಆಗುತ್ತದೆ. ಊಟ, ಗ್ರಹಣ, ಪ್ರಯಾಣ ಯಾವುದೂ ಇದಕ್ಕೆ ಕಾರಣವಲ್ಲ.

ತಿಪಟೂರಿನ ಅಮ್ಮ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಂದರೆ ನನ್ನ ಮಗಳಾದ ಅಂಡ, ನಾನು ನನ್ನ ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಇತ್ತಾ?

ಲ್ಯಾಬಿನವಳು, ಬೆಂಗಳೂರು

ಹೌದು ಅಕ್ಕ. ನಿಮ್ಮ ಅಮ್ಮ ನಿಮ್ಮನ್ನು ಹೊತ್ತಾಗ ಅದೂ ಅಲ್ಲೇ ಇತ್ತು.

ಚಿಕ್ಕಮಗಳೂರು ಕಡೆಯವರು

ಎಣಿಕೆ ಮಾತು ಬಂತಲ್ಲ, ಒಂದು ಹೇಳಿ ಹೋಗುತ್ತೇನೆ. ನಮ್ಮ ಕಾಫಿ ತೋಟದ ಅಂಚಿನಲ್ಲಿ ಸಂಜೆ ಹೊತ್ತು ನಾಯಿಯ ಹಾಗೆ ಬೊಗಳುವ ಕಾಡುಕುರಿ ಇದೆ. ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತು ಅದಕ್ಕೆ. ಹೆಣ್ಣಿಗೆ 6, ಗಂಡಿಗೆ 7. ತೋಟದಲ್ಲೂ ಲೆಕ್ಕ ಬೇರೆ ಬೇರೆ. ರೋಬಸ್ಟಾಗೆ 22, ಅರೇಬಿಕಾಗೆ 44.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಇನ್ನೊಂದು ತುದಿಗೆ ಒಂದು ಜರೀಗಿಡ ಇದೆ, ಒಫಿಯೊಗ್ಲಾಸಮ್. ಗೇಣುದ್ದವೂ ಇರುವುದಿಲ್ಲ. ಅದರ ಒಂದು ಜಾತಿಯಲ್ಲಿ 1260 ವರ್ಣತಂತು ಇವೆ ಅಂತ 1954ರಲ್ಲಿ ನಮ್ಮ ದೇಶದ ಅಬ್ರಹಾಂ ಮತ್ತು ನೈನಾನ್ ವರದಿ ಮಾಡಿದರು. 630 ಜೋಡಿ ಒಂದೊಂದನ್ನೂ ಹುಡುಕಿ ಕೂಡಬೇಕು! ಪ್ರಾಣಿ ದೊಡ್ಡದಾದರೆ ವರ್ಣತಂತು ಜಾಸ್ತಿ ಅಂತ ಯಾರೂ ಅಂದುಕೊಳ್ಳಬೇಡಿ.

ನೀಟ್ ತಯಾರಿಯಲ್ಲಿರುವವ

ಸರ್, ಕ್ಯಾನ್ಸರ್ ಔಷಧಿ ಕೂಡ ಕದಿರು ತಡೆಯುತ್ತೆ ಅಂತ ಓದಿದ್ದೆ. ಕಾಲ್ಚಿಸಿನ್ ಥರಾನೇನಾ?

ಲ್ಯಾಬಿನವಳು, ಬೆಂಗಳೂರು

ಹತ್ತಿರದ್ದೇ. ಮನೆ ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬರುತ್ತದೆ, ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುತ್ತಾರೆ. ಕದಿರು ಕಟ್ಟದಿದ್ದರೆ ಕ್ಯಾನ್ಸರ್ ಕೋಶ ಒಡೆಯಲಾರದೆ ಸಾಯುತ್ತದೆ. ಇಂಥ ಔಷಧಿಗಳಿಗೆ ಕೂದಲ ಬುಡದ ಕೋಶಗಳೂ ಸಿಕ್ಕಿಕೊಳ್ಳುತ್ತವೆ, ಅವೂ ಬೇಗ ಬೇಗ ಒಡೆಯುವಂಥವು. ಕೂದಲು ಉದುರುವುದು ಅದಕ್ಕೆ. ಸೊಪ್ಪು ಅರೆದು ಮಾತ್ರ ಯಾರೂ ಕುಡಿಯಬೇಡಿ.

ತಿಪಟೂರಿನ ಅಮ್ಮ

ದಾರ, ಸೇಫ್ಟಿ ಪಿನ್ ಹಿಡಿದು ಚಾಪೆ ಮೇಲೆ ಮಾಡಿದೆವು. ಮೂರನೇ ಸಲಕ್ಕೆ ಮಗಳು ನನಗೇ ಪಾಠ ಮಾಡಿದಳು. ಈಗ ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಈರುಳ್ಳಿ ಬೇರು ಇದೆ. ಹೋದ ವಾರ ಅವಳ ಸ್ಲೈಡಿನಲ್ಲಿ ಏನೂ ಕಾಣಲಿಲ್ಲವಂತೆ. ಬರೀ ಉದ್ದುದ್ದ ಕೋಶಗಳು.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಉದ್ದುದ್ದ ಕೋಶ ಕಂಡರೆ ಬೇರಿನ ಮೇಲಿನ ಭಾಗ ತೆಗೆದುಕೊಂಡಿದ್ದಾಳೆ. ಅಲ್ಲಿ ಕೋಶಗಳು ಒಡೆಯುವುದು ಮುಗಿದು ಬರೀ ಹಿಗ್ಗುತ್ತಿರುತ್ತವೆ. ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಬೇಕು. ಅಲ್ಲಿನ ಕೋಶಗಳು ಚೌಕಾಕಾರ, ನಡುವೆ ದೊಡ್ಡ ಕೋಶಕೇಂದ್ರ.

ಮನೆಯಲ್ಲೇ ಬೇರು ಬರಿಸಿ. ಹಳೆಯ ಒಣ ಬೇರನ್ನು ಬ್ಲೇಡಿನಲ್ಲಿ ಹೆರೆದು, ಈರುಳ್ಳಿಯ ಬುಡ ಮಾತ್ರ ನೀರಿಗೆ ತಾಗುವ ಹಾಗೆ ಲೋಟದ ಮೇಲೆ ಕೂರಿಸಿ. ದಿನಾ ನೀರು ಬದಲಿಸಿ. ಮೂರ್ನಾಲ್ಕು ದಿನಕ್ಕೆ ಬಿಳಿ ಬೇರು ಬರುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ತುದಿ ಕತ್ತರಿಸಬೇಕು. ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲಿನ ದ್ರಾವಣದಲ್ಲಿ ಒಂದು ದಿನ ಇಡಬೇಕು. ಅದನ್ನು ಕಾಲೇಜಿನಲ್ಲೇ, ಲೆಕ್ಚರರ್ ಮುಂದೆ ಮಾಡಲಿ. ಸ್ಲೈಡಿನ ಮೇಲೆ ಒಂದು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ, ಆಮೇಲೆ ಅಸಿಟೋಕಾರ್ಮಿನ್ ಬಣ್ಣ, ಸ್ಪಿರಿಟ್ ಲ್ಯಾಂಪಿನ ಮೇಲೆ ಸ್ವಲ್ಪವೇ ಬಿಸಿ. ಕುದಿಯಬಾರದು. ಕವರ್ ಸ್ಲಿಪ್ ಹಾಕಿ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಬೇಕು.

ನೂರು ಕೋಶ ನೋಡಿದರೆ ಒಡೆಯುತ್ತಿರುವವು ಕೆಲವೇ ಸಿಗುತ್ತವೆ. ಕೋಶ ತನ್ನ ಹೆಚ್ಚಿನ ಕಾಲವನ್ನು ಬೆಳೆಯುವುದರಲ್ಲಿ, ಜೆರಾಕ್ಸ್ ಮಾಡುವುದರಲ್ಲಿ ಕಳೆಯುತ್ತದೆ. ಧೃತಿಗೆಡದೆ ಹುಡುಕಲಿ.

ತಿಪಟೂರಿನ ಅಮ್ಮ

ಇದನ್ನು ಮಗಳೇ ಬರೆಯುತ್ತಿದ್ದಾಳೆ:

ಮೇಷ್ಟ್ರೇ, ಇವತ್ತು ಕಂಡಿತು! ಮೊದಲು ಕೆಂಪು ಚುಕ್ಕೆಗಳೇ ಇದ್ದವು. ಸ್ಲೈಡ್ ಸರಿಸುತ್ತಾ ಹೋದೆ. ಒಂದು ಕೋಶದಲ್ಲಿ ವರ್ಣತಂತುಗಳು ಎರಡು ಗುಂಪಾಗಿ ಎರಡು ಕಡೆ ಹೋಗುತ್ತಿದ್ದವು. ಬಾಗಿದ ಕಡ್ಡಿಗಳ ಹಾಗೆ, ಮಧ್ಯ ಮುಂದೆ, ತುದಿಗಳು ಹಿಂದೆ. ಪಿನ್ ಹಾಕಿದ ಜಾಗವನ್ನೇ ಎಳೆ ಹಿಡಿದು ಎಳೆಯುತ್ತದೆ, ಅದಕ್ಕೇ ಹಾಗೆ ಬಾಗಿರುವುದು ಅಲ್ವಾ ಸರ್? ಈರುಳ್ಳಿಗೆ 16 ಅಂತ ಪುಸ್ತಕದಲ್ಲಿದೆ. ಒಂದು ಕಡೆಯದನ್ನು ಎಣಿಸಿದೆ, 13 ಆದ ಮೇಲೆ ಒಂದರ ಮೇಲೊಂದು ಇದ್ದವು. ಮಿಯೋಸಿಸ್ ಕೂಡ ನೋಡಬೇಕು ಅಂತ ಆಸೆ. ಬೇರಿನಲ್ಲಿ ಸಿಗುತ್ತಾ?

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಸರಿಯಾಗಿ ಕಂಡಿದ್ದೀಯಮ್ಮ, ಬಾಗಿರುವ ಕಾರಣವೂ ಸರಿ. ಇನ್ನೂ ಸ್ವಲ್ಪ ತಟ್ಟಿದ್ದರೆ 16 ಬಿಡಿಬಿಡಿಯಾಗುತ್ತಿದ್ದವು. ಬೇರಿನಲ್ಲಿ ಮಿಯೋಸಿಸ್ ಸಿಗುವುದಿಲ್ಲ, ಹೂವಿನ ಮೊಗ್ಗು ಬೇಕು. ಈರುಳ್ಳಿಯ ಹೂದಂಟು ಬಂದಾಗ ಗುಂಡು ಗೊಂಚಲಿನಲ್ಲಿ ತುಂಬಾ ಚಿಕ್ಕ ಮೊಗ್ಗು ಆರಿಸಿಕೋ. ಪರಾಗಕೋಶ ಹಳದಿಯಾಗಿದ್ದರೆ ತಡವಾಯಿತು ಅಂತ ಅರ್ಥ, ಇನ್ನೂ ಎಳೆಯದನ್ನು ನೋಡು. ಸರಿಯಾದ ಹೊತ್ತಿಗೆ ಸಿಕ್ಕರೆ 16 ಬೇರೆ ಬೇರೆಯಾಗಿ ಕಾಣುವುದಿಲ್ಲ. 8 ಜೋಡಿ ಕಾಣುತ್ತವೆ.

ತಿಪಟೂರಿನ ಅಮ್ಮ

ಲೋಟದ ಮೇಲಿದ್ದ ಈರುಳ್ಳಿಯನ್ನು ಕುಂಡದಲ್ಲಿ ನೆಟ್ಟಿದ್ದಾಳೆ. ಹೂದಂಟು ಬಂದ ದಿನ ಇಲ್ಲೇ ಬಂದು ಹೇಳುತ್ತೇವೆ.